ಫ್ಯಾನು ಕಿರುಚಿದ್ರೆ ಕಂಪ್ಯೂಟರನ್ನೇ ಬಿಸಾಕ್ಬೇಕಾ?

ಡೆಸ್ಕ್‌ಟಾಪಿನ ಫ್ಯಾನು ಹಿಟ್ಟಿನ ಗಿರಣಿ ಥರ ಸದ್ದು ಶುರು ಮಾಡಿದ್ರೆ ಎಷ್ಟೋ ರಿಪೇರಿಯವರ ಬಾಯಲ್ಲಿ ಒಂದೇ ಮಾತು: "ಹಳೇದಾಯ್ತು ಸಾರ್, ಹೊಸಾ ಸಿಸ್ಟಮ್ ತಗೊಂಬಿಡಿ." ನಂಗೆ ಮೈ ಉರಿಯೋದೇ ಇಲ್ಲಿ. ಕೆಲವು ನೂರು ರೂಪಾಯಿಯ ಫ್ಯಾನಿಗೋಸ್ಕರ, ಚೆನ್ನಾಗಿ ಓಡ್ತಿರೋ ಪ್ರೊಸೆಸರ್ರು, ಬರಹದಲ್ಲಿ ಕುಟ್ಟಿದ ಕತೆಗಳಿರೋ ಹಾರ್ಡ್‌ಡಿಸ್ಕು ಎಲ್ಲಾ ಗುಜರಿಗಾ?

ಮೊದ್ಲು ಯಾವ ಫ್ಯಾನು ಅಂತ ಪತ್ತೆ ಮಾಡಿ. ಪೇಪರ್ ಸುರುಳಿ ಸುತ್ತಿ ಕಿವಿಗಿಟ್ಟು ಕೇಳಿ (ನಗಬೇಡಿ, ಕೆಲಸ ಮಾಡುತ್ತೆ!). ಬರೀ ಭರ್ರ್ ಅಂದ್ರೆ ಹೆಚ್ಚಾಗಿ ಧೂಳು. ಹೀಟ್‌ಸಿಂಕಿನ ಸಂದೀಲಿ ಧೂಳು ಕಂಬಳಿ ಥರ ಕೂತ್ರೆ ಪ್ರೊಸೆಸರ್ ಬಿಸಿಯಾಗುತ್ತೆ, ಮದರ್‌ಬೋರ್ಡು ಫ್ಯಾನನ್ನ ಇನ್ನೂ ಜೋರಾಗಿ ಓಡಿಸುತ್ತೆ. ಪ್ಲಗ್ ಕಿತ್ತು, ರೆಕ್ಕೆ ತಿರುಗದ ಹಾಗೆ ಬೆರಳಲ್ಲಿ ಹಿಡ್ಕೊಂಡು ಒಣ ಬ್ರಷ್ ಆಡಿಸಿ, ಸಾಕು.

ಕರಕರ ಅಂದ್ರೆ ಬೇರಿಂಗು. ಸ್ಲೀವ್ ಬೇರಿಂಗ್ ಆದ್ರೆ ಎಣ್ಣೆ ಒಣಗಿರುತ್ತೆ. ಸ್ಟಿಕರ್ ಎಬ್ಬಿಸಿ ಹೊಲಿಗೆ ಮೆಷಿನ್ ಎಣ್ಣೆ ಒಂದೇ ಹನಿ ಬಿಡಿ. ಕೊಬ್ಬರಿ ಎಣ್ಣೆ ಮಾತ್ರ ಬೇಡ ಮಾರಾಯ್ರೇ! ಅದು ಸುಮಾರು 24 ಡಿಗ್ರಿಗೇ ಹೆಪ್ಪುಗಟ್ಟುತ್ತೆ, ಬೆಂಗಳೂರಿನ ಚಳಿಗಾಲದ ಒಂದು ಬೆಳಗ್ಗೆ ಸಾಕು... ಈ ಎಣ್ಣೆ ವೈದ್ಯವೂ ಸ್ವಲ್ಪ ದಿನದ್ದೇ ಬಿಡಿ. ಆಮೇಲೆ ಫ್ಯಾನ್ ಬದಲಾಯಿಸಿ. ಕ್ಯಾಬಿನೆಟ್ ಫ್ಯಾನಾಗಿದ್ದು ಜಾಗ ಇದ್ರೆ 80ರ ಬದಲು 120 ಮಿಲಿಮೀಟರಿಂದು ಹಾಕ್ಸಿ. ನಿಧಾನಕ್ಕೆ ತಿರುಗಿಯೇ ಅಷ್ಟು ಗಾಳಿ ಕೊಡುತ್ತೆ.

ಸದ್ದು ಎಸ್‌ಎಂಪಿಎಸ್ ಒಳಗಿಂದಾದ್ರೆ ಅದನ್ನ ಬಿಚ್ಚಬೇಡಿ. ಪ್ಲಗ್ ಕಿತ್ತ ಮೇಲೂ ಕೆಪಾಸಿಟರಲ್ಲಿ ಕರೆಂಟ್ ಉಳಿದಿರುತ್ತೆ. ಅಲ್ಲಿ ಜುಗ್ಗತನ ಬಿಟ್ಟು ಎಸ್‌ಎಂಪಿಎಸ್ಸನ್ನೇ ಬದಲಾಯಿಸಿ.