ಮೂರನೆಯದನ್ನು ಒಪ್ಪಿಸಿ ಬಂದೆ

2020ರ ಡಿಸೆಂಬರ್ ಮೊದಲ ವಾರ. ಮೂಡಿಗೆರೆ ಕಡೆಯ ನಮ್ಮ ತೋಟದಲ್ಲಿ ಅರೇಬಿಕಾ ಹಣ್ಣು ಕುಯ್ಯುತ್ತಿದ್ದರು. ಆಳುಗಳಿಗೆ ಕೆಲಸ ಹೇಳಿ, ಅಪ್ಪಯ್ಯನ ರಿವಾಲ್ವರನ್ನು ಹಳೇ ಟವೆಲಿನಲ್ಲಿ ಸುತ್ತಿಕೊಂಡು ಹೋಗಿ ಒಪ್ಪಿಸಿ ಬಂದೆ. ಶಸ್ತ್ರಾಸ್ತ್ರ ಕಾಯ್ದೆಗೆ ಬಂದ 2019ರ ತಿದ್ದುಪಡಿ ಒಬ್ಬರ ಬಳಿ ಇರಬಹುದಾದ ಬಂದೂಕುಗಳನ್ನು ಮೂರರಿಂದ ಎರಡಕ್ಕೆ ಇಳಿಸಿತ್ತು. ಹಿರಿಯರಿಂದ ಬಂದದ್ದಕ್ಕೂ ಅದೇ ಮಿತಿ. ಹಂದಿ ಕಾಟದ ತೋಟಕ್ಕೆ ಜೋಡಿ ನಳಿಗೆ ಕೋವಿ ಬೇಕೇ ಬೇಕು. ಅಜ್ಜನ ಒಂಟಿ ನಳಿಗೆಯನ್ನು ಬಿಡಲು ಮನೆಯಲ್ಲಿ ಯಾರೂ ಒಪ್ಪಲಿಲ್ಲ. ಹೋಗಬೇಕಾದದ್ದು ರಿವಾಲ್ವರೇ ಆಯಿತು.

ಅದು ಸ್ಮಿತ್ ಅಂಡ್ ವೆಸನ್ ಕಂಪನಿಯ ಕೆ-22 ಮಾಸ್ಟರ್‌ಪೀಸ್. ಎರಡನೇ ಮಹಾಯುದ್ಧದ ನಂತರ ಅಮೆರಿಕದ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಗುರಿ ಹೊಡೆಯುವ ಆಟಕ್ಕೆಂದೇ ತಯಾರಾದದ್ದು. ಆರು ಗುಂಡಿನ ಚಕ್ರ, ಆರು ಇಂಚಿನ ನಳಿಗೆ, ತುಂಬಿದಾಗ ಒಂದು ಕೆ.ಜಿ.ಗೆ ತುಸು ಹೆಚ್ಚು ತೂಕ. ಇದೇ ಸಾಲಿನ ದೊಡ್ಡ ಗುಂಡಿನ ರಿವಾಲ್ವರುಗಳಿಗೂ ಅಷ್ಟೇ ತೂಕ ಕೊಟ್ಟಿದ್ದರು, ಒಂದರಲ್ಲಿ ಪಳಗಿದ ಕೈಗೆ ಇನ್ನೊಂದು ಹೊಸದೆನಿಸಬಾರದೆಂದು. ಊರಿಗೆ ಮರಳುತ್ತಿದ್ದ ಇಂಗ್ಲಿಷ್ ತೋಟಗಾರರೊಬ್ಬರಿಂದ ಅಪ್ಪಯ್ಯ ಐವತ್ತರ ದಶಕದಲ್ಲಿ ಕೊಂಡಿದ್ದರು.

1966ರಲ್ಲಿ, ನನಗೆ ಹದಿನಾಲ್ಕು ತುಂಬಿದಾಗ, ಕಾಫಿ ಕಣದ ಹಿಂದಿನ ದರೆಗೆ ಕಾಗದ ಅಂಟಿಸಿ ಕಲಿಸಲು ಶುರು ಮಾಡಿದರು. ಮೊದಲ ಎರಡು ತಿಂಗಳು ಒಂದೇ ಒಂದು ಈಡೂ ಇಲ್ಲ. ನಳಿಗೆಯ ಮೇಲೆ ಉದ್ದಕ್ಕೂ ಚಪ್ಪಟೆಯಾದ ಏಣೊಂದಿತ್ತು. ಅದರ ಮೇಲೆ ನಾಕಾಣೆ ಇಡುತ್ತಿದ್ದರು. ಕುದುರೆ ಎತ್ತಿ, ಉಸಿರು ಅರ್ಧ ಬಿಟ್ಟು, ನಾಣ್ಯ ಅಲುಗದಂತೆ ಟ್ರಿಗರ್ ಎಳೆಯಬೇಕು. ಬರಿ ಚಕ್ರದಲ್ಲಿ ಹಾಗೆ ಎಳೆದರೆ ಸೂಜಿ ನೇರ ಉಕ್ಕಿಗೇ ಬಡಿದು ಗೂಡಿನ ಬಾಯಿ ಕೆಡುತ್ತದೆಂದು ಆರಕ್ಕೂ ಖಾಲಿ ತೋಟೆ ತುಂಬಿಸುತ್ತಿದ್ದರು. ‘ಟಿಕ್’ ಎನ್ನುವುದು, ನಾಣ್ಯ ಅಂಗಳಕ್ಕೆ ಬಿದ್ದು ಉರುಳುವುದು. “ಎತ್ಕೊಂಡು ಬಾ ಪುಟ್ಟಿ, ಇನ್ನೊಂದ್ಸಲ” ಅನ್ನುತ್ತಿದ್ದರು. ಗದರಿದ್ದು ನೆನಪಿಲ್ಲ. ಹೆಣ್ಣು ಹುಡುಗಿಗೆ ಇದೆಲ್ಲ ಯಾಕೆಂದು ಕೇಳಿದ ನೆಂಟರಿಗೆ ಅವರು ಉತ್ತರವನ್ನೂ ಕೊಡಲಿಲ್ಲ. ನನ್ನ ಅವಸರದ ಸ್ವಭಾವ ತಗ್ಗಿದ್ದು ಆ ಕಣದಲ್ಲಿ.

ಐವತ್ತು ವರ್ಷಗಳಲ್ಲಿ ಆ ರಿವಾಲ್ವರ್ ಒಂದು ಹಕ್ಕಿಯ ಕಡೆಗೂ ತಿರುಗಲಿಲ್ಲ.

ಬಂದೂಕಿನ ಸಂಖ್ಯೆ ಕಡಿಮೆಯಾಗಲಿ ಎಂಬುದಕ್ಕೆ ನನ್ನ ವಿರೋಧವಿಲ್ಲ. ಗನ್ನು ಹಿಡಿದು ಮದುವೆ ಮೆರವಣಿಗೆಯಲ್ಲಿ ಕುಣಿಯುವವರಿರುವ ದೇಶದಲ್ಲಿ ಕಾನೂನು ಬಿಗಿಯಾಗಿಯೇ ಇರಬೇಕು. ನನ್ನ ತಕರಾರು, ಒಪ್ಪಿಸಿದ ಮೇಲೆ ಆಗುವುದರ ಬಗ್ಗೆ. ಚುನಾವಣೆ ಬಂದಾಗಲೆಲ್ಲ ಮಲೆನಾಡಿನವರು ಕೋವಿ ಠೇವಣಿ ಇಡುತ್ತೇವೆ. ಒಮ್ಮೆ ಈ ರಿವಾಲ್ವರ್ ಚಕ್ರದ ಸುತ್ತ ತುಕ್ಕು ಹಿಡಿದು ವಾಪಸು ಬಂತು. ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿಟ್ಟಿದ್ದರು. ನಮ್ಮ ಮಳೆಯ ಸೀಮೆಯಲ್ಲಿ ಉಕ್ಕನ್ನು ಹಾಗೆ ಕಟ್ಟಿಡುವುದೂ ನೀರಿಗೆ ಹಾಕುವುದೂ ಒಂದೇ. ಈ ಸಲ ರಸೀದಿಯಲ್ಲಿ ಬರೆದದ್ದು ‘ಹಳೆಯ ರಿವಾಲ್ವರ್ – 1’ ಎಂದಷ್ಟೆ. ನಂಬರನ್ನು ನಾನೇ ಒತ್ತಾಯ ಮಾಡಿ ಬರೆಸಿದೆ.

1997ರಲ್ಲಿ ಕೈಬಂದೂಕುಗಳನ್ನು ಹೆಚ್ಚುಕಮ್ಮಿ ಪೂರ್ತಿ ನಿಷೇಧಿಸಿದ ಬ್ರಿಟನ್ನಿನಲ್ಲೂ, ಗುಂಡು ಹಾರದಂತೆ ಮಾಡಿ, ತಜ್ಞರಿಂದ ಪರೀಕ್ಷಿಸಿ ಪ್ರಮಾಣಪತ್ರ ಪಡೆದ ಹಳೆಯ ರಿವಾಲ್ವರನ್ನು ಮನೆಯಲ್ಲಿ ಇಟ್ಟುಕೊಳ್ಳಬಹುದು. ಒಪ್ಪಿಸಲು ಬಂದವರಿಗೆ ನಮ್ಮ ಜಿಲ್ಲೆಗಳಲ್ಲೂ ಅಂಥ ದಾರಿಯನ್ನು ಅಲ್ಲೇ, ಅದೇ ಮೇಜಿನ ಮುಂದೆ ತೋರಿಸಬೇಕು. ಅದು ಬೇಡವೆಂದರೆ ಜಿಲ್ಲಾ ವಸ್ತುಸಂಗ್ರಹಾಲಯಕ್ಕೆ ಕೊಡುವ ಅವಕಾಶವಿರಲಿ. ತಯಾರಿಸಿದವರ ಕೈಚಳಕ, ಕೊಂಡವರ ಕಥೆ ಎರಡೂ ಒಂದು ಚೀಟಿಯಲ್ಲಿ ಉಳಿಯುತ್ತವೆ.

ರಸೀದಿ ನನ್ನ ಬೀರುವಿನಲ್ಲಿದೆ. ಆ ನಂಬರಿನದು ಈಗ ಎಲ್ಲಿದೆ ಎಂದು ಸಂಬಂಧಪಟ್ಟವರು ತಿಳಿಸಿದರೆ, ಎಣ್ಣೆ ಹಚ್ಚಲು ನಾನೇ ಬರುತ್ತೇನೆ.