ಒಗರಿನ ಪಾಠ: ವೈನ್ ಕಲಿಯುವವರಿಗೆ ಎರಡು ಮಾತು

ವೈನ್ ಕುರಿತು ಕಲಿಯುವುದು ಬೇರೆ, ವೈನ್ ಕುಡಿಯುವುದು ಬೇರೆ. ಇವೆರಡನ್ನೂ ಒಂದೆಂದು ಭಾವಿಸಿ ನಮ್ಮ ಮನೆಗಳಲ್ಲಿ ಹಿರಿಯರು ಮುಖ ಸಿಂಡರಿಸುತ್ತಾರೆ, ಕಿರಿಯರು ಬಾಟಲಿ ಬಚ್ಚಿಡುತ್ತಾರೆ. ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಕೆಲವರು ಈ ಕಲಿಕೆಗೆ ತೊಡಗಿ, "ಮೇಷ್ಟ್ರೇ, ಇದು ತಪ್ಪೇ?" ಎಂದು ಕೇಳಿದ್ದಾರೆ. ಕಲಿಯುವುದು ತಪ್ಪಲ್ಲ, ಅರೆಬರೆ ಕಲಿತು ಬೀಗುವುದು ತಪ್ಪು ಎಂಬುದು ನನ್ನ ಅಭಿಪ್ರಾಯ.

ಪಾಠವು ಬಾಟಲಿಯಿಂದಲ್ಲ, ತೋಟದಿಂದ ಆರಂಭವಾಗಲಿ. ನಾವು ಬಾಲ್ಯದಲ್ಲಿ ತಿಂದ ಕಪ್ಪು ದ್ರಾಕ್ಷಿ 'ಬೆಂಗಳೂರು ಬ್ಲೂ', ಅಮೆರಿಕ ಮೂಲದ ಲ್ಯಾಬ್ರಸ್ಕಾ ಬಳ್ಳಿಯ ಸಂಬಂಧಿ. ಶಿರಾಜ್, ಕ್ಯಾಬರ್ನೆ ಸಾವಿನ್ಯಾನ್‌ಗಳು ಯುರೋಪಿನ ವಿನಿಫೆರಾ ಕುಲದವು. ಇವುಗಳನ್ನು ನಂದಿಬೆಟ್ಟದ ತಪ್ಪಲಿಗೆ ತಂದವರಲ್ಲಿ ಮುಖ್ಯರು 1988ರಲ್ಲಿ ಸ್ಥಾಪಿತವಾದ ದೊಡ್ಡಬಳ್ಳಾಪುರದ ಗ್ರೋವರ್ ವಿನ್ಯಾರ್ಡ್ಸ್‌ನವರು. ಫ್ರಾನ್ಸಿನಲ್ಲಿ ಚಳಿಗಾಲವೇ ಬಳ್ಳಿಯನ್ನು ನಿದ್ರೆಗೆ ದೂಡುತ್ತದೆ. ನಮ್ಮಲ್ಲಿ ಆ ನಿದ್ರೆ ಇಲ್ಲ. ಆದ್ದರಿಂದ ರೈತನು ವರ್ಷಕ್ಕೆ ಎರಡು ಬಾರಿ ಬಳ್ಳಿ ಸವರುತ್ತಾನೆ. ವಿಜಯಪುರದವರು ಇದನ್ನು ಚಾಟ್ನಿ ಎನ್ನುತ್ತಾರೆ. ಅಲ್ಲಿ ಸೆಪ್ಟೆಂಬರಿನ ಸುಮಾರಿಗೆ ಕೊಯ್ಲಾದರೆ, ಇಲ್ಲಿ ಫೆಬ್ರವರಿ-ಮಾರ್ಚ್‌ನಲ್ಲಿ.

ಮುಂದಿನದು ರಸಾಯನ ವಿಜ್ಞಾನ. ಯೀಸ್ಟ್ ಸಕ್ಕರೆಯನ್ನು ಆಲ್ಕೋಹಾಲ್ ಮತ್ತು ಇಂಗಾಲದ ಡೈಆಕ್ಸೈಡ್ ಆಗಿ ಮಾರ್ಪಡಿಸುತ್ತದೆ. ಬಹುತೇಕ ಕಪ್ಪು ದ್ರಾಕ್ಷಿಯ ರಸಕ್ಕೂ ಬಣ್ಣವಿಲ್ಲ. ಕೆಂಪು ಬರುವುದು ಸಿಪ್ಪೆಯಿಂದ. ಸಿಪ್ಪೆ, ಬೀಜಗಳಿಂದಲೇ ಟ್ಯಾನಿನ್ ಕೂಡ ಬರುತ್ತದೆ. ಈ ಟ್ಯಾನಿನ್ ಎಂದರೇನೆಂದು ಹೊಸಬರು ತಡಕಾಡುತ್ತಾರೆ. ನೆಲ್ಲಿಕಾಯಿ ಕಚ್ಚಿದ, ಹಸಿ ಅಡಿಕೆ ಅಗಿದ ಕನ್ನಡಿಗನಿಗೆ ಅದು ಹೊಸತೇ? ನಮ್ಮ ಷಡ್ರಸಗಳಲ್ಲಿ ಒಗರಿಗೆ ಸ್ಥಾನವಿದೆ. ಇಂಗ್ಲಿಷ್ ಪುಸ್ತಕ ಹೇಳಿದ 'ಬ್ಲ್ಯಾಕ್‌ಕರಂಟ್' ವಾಸನೆಯನ್ನು ಗಿಳಿಪಾಠದಂತೆ ಒಪ್ಪಿಸಬೇಡಿ; ನಿಮ್ಮ ಮೂಗಿಗೆ ನೇರಳೆಹಣ್ಣು ನೆನಪಾದರೆ ಹಾಗೆಯೇ ಬರೆದುಕೊಳ್ಳಿ. ಬಣ್ಣ ನೋಡಿ, ಮೂಸಿ, ಒಂದು ಗುಟುಕನ್ನು ಬಾಯಲ್ಲಾಡಿಸಿ. ವೃತ್ತಿಪರ ಪರೀಕ್ಷಕರು ಅದನ್ನೂ ಉಗುಳಿಬಿಡುತ್ತಾರೆ ಎಂಬುದನ್ನು ಮರೆಯಬೇಡಿ.

ಇನ್ನು ಕಹಿ ಪಾಠ. 2007ರ ಜುಲೈ 1ರಿಂದ ನಮ್ಮ ರಾಜ್ಯದಲ್ಲಿ ಸಾರಾಯಿ ನಿಷೇಧವಾಯಿತು. ಅದೇ ವರ್ಷದ್ದು ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿ. ದ್ರಾಕ್ಷಿ ರೈತನಿಗೆ ನೆರವಾಗುವುದರಲ್ಲಿ ನನ್ನ ತಕರಾರಿಲ್ಲ. ಸಾರಾಯಿ ಹೋದದ್ದಕ್ಕೆ ದುಃಖವೂ ಇಲ್ಲ. ಆದರೆ ಕೂಲಿಯವನ ಕುಡಿತ ದುಶ್ಚಟ, ನಮ್ಮದು ಸಂಸ್ಕೃತಿ ಎಂಬ ಭಾವ ಮನಸ್ಸಿಗೆ ಬರುತ್ತದಲ್ಲ, ಅದು ಸುಳ್ಳು. ಲೆಕ್ಕ ಮಾಡಿ ನೋಡಿ: ಶೇಕಡಾ 13ರ ವೈನ್ 150 ಮಿ.ಲೀ.ನ ಎರಡು ಲೋಟ ಕುಡಿದರೆ 39 ಮಿ.ಲೀ. ಶುದ್ಧ ಆಲ್ಕೋಹಾಲ್. ಶೇಕಡಾ 42.8ರ ವಿಸ್ಕಿ 90 ಮಿ.ಲೀ., ಅಂದರೆ ಮೂರು ಸಣ್ಣ ಪೆಗ್ಗಿನಲ್ಲಿ, ಇರುವುದೂ ಹೆಚ್ಚುಕಡಿಮೆ ಅಷ್ಟೇ. 'ಹೃದಯಕ್ಕೆ ಒಳ್ಳೆಯದಂತೆ' ಎಂಬ ಸಮಾಧಾನವೂ ಈಗ ಉಳಿದಿಲ್ಲ. ಆರೋಗ್ಯಕ್ಕೆ ಸುರಕ್ಷಿತವೆನ್ನಬಹುದಾದ ಮದ್ಯದ ಪ್ರಮಾಣವೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಸ್ಪಷ್ಟವಾಗಿ ಹೇಳಿದೆ. ದೇಹಕ್ಕೆ ಲೋಟದ ಅಂದಚಂದ ತಿಳಿಯದು.

ಹಾಗಾದರೆ ಮಾಡಬೇಕಾದುದೇನು? ಕಲಿಯುವ ಮನಸ್ಸಿದ್ದವರು ಮುಚ್ಚುಮರೆಯಿಲ್ಲದೆ ಕಲಿಯಲಿ, ಅಪಾಯವನ್ನೂ ಅರಿತಿರಲಿ. ಸ್ಟಿಯರಿಂಗ್ ಹಿಡಿಯುವ ದಿನ ಲೋಟ ಹಿಡಿಯದಿರಲಿ. ಬೇಡವೆಂದವರನ್ನು ಹಳ್ಳಿಗುಗ್ಗು ಎಂದು ನಗದಿರಲಿ. ಮನೆಯ ಹಿರಿಯರಲ್ಲೂ ನನ್ನದೊಂದು ವಿನಂತಿ: ಮಕ್ಕಳು ಬಾಯಿಬಿಟ್ಟು ಹೇಳಿದಾಗ ಕೋಪಿಸಿಕೊಳ್ಳದೆ ಕೇಳಿ. ಗದರಿಸಿದರೆ ಬಾಟಲಿ ಮರೆಯಾದೀತೇ ಹೊರತು ಅಭ್ಯಾಸವಲ್ಲ. ಮಾತಿದ್ದರೆ, ಮಿತಿ ಮೀರಿದ ದಿನ ಮಗುವಿಗೆ ಬಂದು ಹೇಳಿಕೊಳ್ಳಲು ಒಂದು ಮನೆಯಾದರೂ ಇರುತ್ತದೆ.