ಹಸುವಿಗೆ ಡಾಕ್ಟರು, ಮಗುವಿಗೆ ಅರಿಶಿನವೇ?



ಹಸು ಒಂದು ಹೊತ್ತು ಮೇವು ಬಿಟ್ಟರೆ, ಮೆಲುಕು ಹಾಕದೆ ನಿಂತರೆ ನಮಗೆ ನಿದ್ದೆ ಬರುವುದಿಲ್ಲ. ಕೂಡಲೇ ಪಶುವೈದ್ಯರಿಗೆ ಫೋನ್ ಮಾಡುತ್ತೇವೆ. ಅದೇ ಮಗು ಹುಲ್ಲಿನ ಬಣವೆಯಿಂದಲೋ ಅಟ್ಟದಿಂದಲೋ ಬಿದ್ದು ತಲೆಗೆ ಪೆಟ್ಟಾದರೆ? ಬುಗುಟೆಗೆ ಅರಿಶಿನ ಹಚ್ಚಿ, ಅಳು ನಿಂತ ಮೇಲೆ ಮಲಗಿಸಿ, ಕ್ಯಾನು ಹಿಡಿದು ಡೇರಿಗೆ ಹೊರಡುತ್ತೇವೆ. ಇದು ಸರಿಯಲ್ಲ.

ತಲೆಯ ಪೆಟ್ಟನ್ನು ಮೇಲಿನ ಗಾಯ ನೋಡಿ ಅಳೆಯಲಾಗದು. ಹೊರಗೆ ಒಂದು ಹನಿ ರಕ್ತ ಬಾರದಿದ್ದರೂ ತಲೆಬುರುಡೆಯ ಒಳಗೆ ನಿಧಾನವಾಗಿ ರಕ್ತ ಸೋರಿ ಮಿದುಳನ್ನು ಒತ್ತಬಹುದು. ಬಿದ್ದ ಮಗು ಎದ್ದು ಆಡಿಕೊಂಡಿದ್ದು, ಕೆಲವು ಗಂಟೆಗಳ ನಂತರ ಮಂಕಾಗುವುದೂ ಉಂಟು.

ಆದ್ದರಿಂದ ಹಸುವನ್ನು ಗಮನಿಸುವ ಅದೇ ಕಣ್ಣಿನಿಂದ ಮಗುವನ್ನೂ ಗಮನಿಸಿ. ಪದೇ ಪದೇ ವಾಂತಿ, ಎಬ್ಬಿಸಿದರೂ ಏಳದ ಮಂಪರು, ಫಿಟ್ಸ್, ಹೆಚ್ಚುತ್ತಲೇ ಹೋಗುವ ತಲೆನೋವು, ಮಾತು ತೊದಲುವುದು, ಕೈಕಾಲು ಸೋಲುವುದು, ಕಿವಿ ಮೂಗಿನಿಂದ ರಕ್ತ ಅಥವಾ ನೀರು ಸೋರುವುದು, ಇವುಗಳಲ್ಲಿ ಒಂದು ಕಂಡರೂ 108ಕ್ಕೆ ಕರೆ ಮಾಡಿ. ಬಿದ್ದಾಗ ಎಚ್ಚರ ತಪ್ಪಿದ್ದರೆ, ಎತ್ತರದಿಂದ ಬಿದ್ದಿದ್ದರೆ, ಹಸು ತಲೆಗೆ ಒದ್ದಿದ್ದರೆ ಅಥವಾ ಕೂಸಿಗೆ ವರ್ಷ ತುಂಬಿಲ್ಲದಿದ್ದರೆ ಲಕ್ಷಣಕ್ಕಾಗಿ ಕಾಯದೆ ಆಸ್ಪತ್ರೆಗೆ ಹೊರಡಿ. ಎಚ್ಚರವಿಲ್ಲದ ಮಗುವಿನ ಬಾಯಿಗೆ ನೀರು ಹಾಕಬೇಡಿ, ಕತ್ತು ಅಲುಗಾಡಿಸಬೇಡಿ. ವೈದ್ಯರು ಮನೆಗೆ ಕಳಿಸಿದರೂ ಮೊದಲ 24 ಗಂಟೆ ಯಾರಾದರೂ ಜೊತೆಗಿರಲೇಬೇಕು.

ಇನ್ನೊಂದು ಮಾತು. ಬೆಳಗಿನ ಜಾವ ಹಾಲಿನ ಕ್ಯಾನಿನ ಜೊತೆ ಮಗುವನ್ನೂ ಬೈಕಿನ ಟ್ಯಾಂಕಿನ ಮೇಲೆ ಕೂರಿಸಿಕೊಂಡು ಬರುವವರು ನಮ್ಮಲ್ಲಿ ಎಷ್ಟು ಜನ! "ಇಲ್ಲೇ ಡೇರಿಗೆ ತಾನೆ" ಎನ್ನುತ್ತೇವೆ. ದಾರಿ ಹತ್ತಿರವೆಂದು ಕಲ್ಲು ಮೆತ್ತಗಾಗುವುದಿಲ್ಲ. ನಾಲ್ಕು ವರ್ಷ ಮೀರಿದ ಮಕ್ಕಳಿಗೆ ಹೆಲ್ಮೆಟ್ ಕಾನೂನಿನಲ್ಲೇ ಕಡ್ಡಾಯ. ಒಂಬತ್ತು ತಿಂಗಳಿಂದ ನಾಲ್ಕು ವರ್ಷದವರೆಗಿನ ಮಕ್ಕಳಿಗೆ ಹೆಲ್ಮೆಟ್ ಮತ್ತು ಸವಾರನಿಗೆ ಸೇರಿಸಿ ಕಟ್ಟುವ ಸುರಕ್ಷಾ ಪಟ್ಟಿ ಬೇಕು, ವೇಗ ಗಂಟೆಗೆ 40 ಕಿ.ಮೀ. ಮೀರಬಾರದು ಎಂಬ ನಿಯಮ 2023ರ ಫೆಬ್ರವರಿಯಿಂದ ಜಾರಿಯಲ್ಲಿದೆ. ಸಾಧ್ಯವಾದರೆ ಮಗುವನ್ನು ಮನೆಯಲ್ಲೇ ಬಿಟ್ಟು ಬನ್ನಿ.

ಒಂದು ಹೊತ್ತಿನ ಹಾಲು ಡೇರಿಗೆ ಬರದಿದ್ದರೆ ಬಟವಾಡೆಯಲ್ಲಿ ಒಂದಿಷ್ಟು ಹಣ ಕಡಿಮೆಯಾಗಬಹುದು, ಅಷ್ಟೇ. ಪಕ್ಕದ ಮನೆಯವರ ಕೈಲಿ ಕ್ಯಾನು ಕಳಿಸಿ, ನೀವು ಮಗುವನ್ನು ಕರೆದುಕೊಂಡು ಆಸ್ಪತ್ರೆಗೆ ಹೊರಡಿ.